ಮೇಷ್ಟ್ರ ಪೆನ್ಸಿಲ್ಲಿಗೆ ಸಿಕ್ಕ ಐದು ಸಿನಿಮಾಗಳು

ಸಿನಿಮಾ ಶುರುವಾಗುವ ಮುಂಚೆ ನಮ್ಮ ಮೇಷ್ಟ್ರು ಪೆನ್ಸಿಲ್ಲಿನ ಮೊನೆಯನ್ನು ಒಮ್ಮೆ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಾರೆ. ಆಮೇಲೆ ತೊಡೆಯ ಮೇಲೆ ಕಾದಂಬರಿ ತೆರೆದಿಟ್ಟು, ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಪರದೆಯ ಮೇಲೆ ಯಾರಾದರೂ ಪುಸ್ತಕದಲ್ಲಿಲ್ಲದ ಮಾತಾಡಿದರೆ, ಇಲ್ಲವೇ ಪುಸ್ತಕದಲ್ಲಿರುವ ಮಾತನ್ನು ನುಂಗಿದರೆ, ಪುಟದ ಅಂಚಿನಲ್ಲಿ ಸರ್ರನೆ ಒಂದು ಗೆರೆ ಬೀಳುತ್ತದೆ. ಬಾಯಲ್ಲಿ ಟಾರ್ಚ್ ಇರುವುದರಿಂದ ಬೈಯಲು ಆಗುವುದಿಲ್ಲ. ಬೈಗುಳವೆಲ್ಲ ಪೆನ್ಸಿಲ್ಲಿಗೇ ಇಳಿಯುತ್ತದೆ.

ಪುಸ್ತಕವನ್ನು ಸಿನಿಮಾ ಮಾಡುವವರೂ, ಪುಸ್ತಕ ಹಿಡಿದು ಆ ಸಿನಿಮಾ ಅಳೆಯುವವರೂ ಇರುವ ತನಕ ನಗುವವರಿಗೆ ಬಿಡುವಿರುವುದಿಲ್ಲ ಅಂತ ಕಾಣುತ್ತದೆ. ಹೋದ ವರ್ಷ ಐದು ಭಾನುವಾರ ನಾನು ಈ ಮೇಷ್ಟ್ರ ಪಕ್ಕ ಕೂತಿದ್ದೆ. ನಗಬಾರದೆಂದು ತುಟಿ ಕಚ್ಚಿಕೊಂಡು ಕೂತಿದ್ದರಿಂದ ಆ ಐದು ಭಾನುವಾರದ ನಗು ಇನ್ನೂ ಒಳಗೇ ಉಳಿದಿದೆ. ಅದನ್ನು ಇಲ್ಲಿ ಖರ್ಚು ಮಾಡುತ್ತಿದ್ದೇನೆ.

ಹುಣಸೂರಿನ ನಮ್ಮ ಓದುಗರ ಬಳಗ ಒಂದು ಸ್ಪರ್ಧೆ ನಡೆಸುತ್ತದೆ. ನಮ್ಮ ಸೀಮೆಯವರೇ ಬರೆದ, ಪ್ರಶಸ್ತಿ ಬಂದ ಒಂದು ಹಳೆಯ ಕಾದಂಬರಿ ಇದೆ. ಸುತ್ತಲ ನಾಲ್ಕು ತಾಲ್ಲೂಕಿನ ಯಾರು ಬೇಕಾದರೂ ಅದನ್ನು ಮೊಬೈಲಿನಲ್ಲೇ ಸಿನಿಮಾ ಮಾಡಿ ತರಬಹುದು. ನಿಯಮ ಬರೆದವರು ಮೇಷ್ಟ್ರು: "ಸಂಭಾಷಣೆಯನ್ನು ಬದಲಿಸತಕ್ಕದ್ದಲ್ಲ. ಘಟನೆಗಳನ್ನು ಬಿಡತಕ್ಕದ್ದಲ್ಲ. ಹತ್ತು ಗೆರೆ ಬಿದ್ದ ಚಿತ್ರಕ್ಕೆ ಬಹುಮಾನವಿಲ್ಲ."

ಕಥೆ ಇಷ್ಟೇ. ಹೊಳೆ ದಡದ ಹಳ್ಳಿಯಲ್ಲಿ ಒಬ್ಬ ವಿಧವೆ. ಮೂರನೇ ಅಧ್ಯಾಯದಲ್ಲಿ ಅವಳ ಅತ್ತೆ ಸಾಯುತ್ತಾಳೆ. ಆಮೇಲೆ ಅವಳ ತಮ್ಮ ಒಂದು ಸಂಜೆ ದೊಡ್ಡ ಮೀನು ಹಿಡಿದು ತರುತ್ತಾನೆ, ಮನೆಯವರೆಲ್ಲ ಬಹಳ ದಿನಕ್ಕೆ ಹೊಟ್ಟೆ ತುಂಬ ಉಣ್ಣುತ್ತಾರೆ. ಆಮೇಲೆ ಎತ್ತು ಮಾರಬೇಕಾಗುತ್ತದೆ. ಕೊನೆಗೆ ಊರ ಪಟೇಲ ಮಳೆಯಲ್ಲಿ ಅವಳನ್ನು ಮನೆಯಿಂದ ಹೊರಹಾಕುತ್ತಾನೆ. ಆಗ ಅವನಾಡುವ ಮಾತು ನಮ್ಮ ಕಡೆ ಪುಸ್ತಕ ಓದದವರಿಗೂ ಬಾಯಿಪಾಠ: "ಮನೆ ನನ್ನದು, ಅಳು ನಿನ್ನದು. ನಿನ್ನದನ್ನ ಎತ್ಕೊಂಡು ಹೊರಡು."

ನಮ್ಮಜ್ಜಿ ಅಡುಗೆಮನೆಯಿಂದ ಬೆಕ್ಕನ್ನು ಓಡಿಸುವಾಗಲೂ ಇದನ್ನೇ ಹೇಳುತ್ತಿದ್ದರು.

ಲ್ಯಾಪ್‌ಟಾಪಿನ ಜೊತೆ ಬಂದವಳು

ನಾನು ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಓದಲು ಬರುತ್ತದೆ, ಆದರೆ ನಾನು ಬಸ್ಸಿನ ಬೋರ್ಡು ಓದಿ ಮುಗಿಸುವ ಹೊತ್ತಿಗೆ ಬಸ್ಸು ಕಲ್ಪತರು ಬೇಕರಿ ದಾಟಿರುತ್ತದೆ. ನಾಲ್ಕು ಜನರ ಮುಂದೆ ಮಾತಾಡು ಎಂದರೆ ಗಂಟಲು ಒಣಗುತ್ತದೆ. ಇಂಥ ನಾನು ಸಾಹಿತ್ಯ ಕೃತಿಯ ಸಿನಿಮಾಗಳಿಗೆ ತೀರ್ಪುಗಾರ್ತಿ ಆದದ್ದು ಹೇಗೆ?

ಒಂದು ದಿನ ಮೇಷ್ಟ್ರು ನಮ್ಮ ಶಾಲೆಗೆ ಬಂದು, "ಪ್ರೊಜೆಕ್ಟರಿಗೆ ಹಾಕೋ ಲ್ಯಾಪ್‌ಟಾಪ್ ಯಾರ ಹತ್ರ ಇದೆ?" ಎಂದು ಕೇಳಿದರು. ನಮ್ಮ ಹೆಡ್‌ ಮಿಸ್ ನನ್ನ ಕಡೆ ಬೆರಳು ತೋರಿಸಿದರು. ಮಾರನೆಯ ದಿನ ನೋಟೀಸು ಬೋರ್ಡಿನಲ್ಲಿ ಮೂರು ಜನ ತೀರ್ಪುಗಾರರು, ಮೂರನೆಯವಳು ನಾನು.

ಓಡಿಹೋಗಿ ಹೇಳಿದೆ. "ಸರ್, ನಾನು ಕಾದಂಬರಿ ಓದಿಲ್ಲ."

"ಓದ್ತೀಯ ಬಿಡಮ್ಮ, ಇನ್ನೂ ಒಂದು ತಿಂಗಳಿದೆ."

"ನನಗೆ ಸ್ಟೇಜ್ ಮೇಲೆ ಮಾತಾಡೋಕೆ ಬರಲ್ಲ ಸರ್."

"ಅದಿನ್ನೂ ಒಳ್ಳೇದು. ಮಾತಾಡೋಕೆ ನಾನಿದ್ದೀನಿ."

ನನ್ನಲ್ಲಿ ಏನು ಕಂಡರೋ ಎಂದು ಎರಡು ದಿನ ಒಳಗೊಳಗೇ ಹಿಗ್ಗಿದೆ. ಆಮೇಲೆ ಗೊತ್ತಾಯಿತು. ಹಿಂದಿನ ಸಲ ಲ್ಯಾಪ್‌ಟಾಪ್ ಕೊಟ್ಟವರು ಸಿನಿಮಾ ಅರ್ಧದಲ್ಲಿರುವಾಗ ಮನೆಗೆ ನೆಂಟರು ಬಂದರೆಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋಗಿದ್ದರಂತೆ. ತೀರ್ಪುಗಾರರಾದರೆ ಮಧ್ಯೆ ಎದ್ದು ಹೋಗುವ ಹಾಗಿಲ್ಲವಲ್ಲ!

ಎರಡನೆಯ ತೀರ್ಪುಗಾರರು ಬಿಳಿಕೆರೆ ಕಡೆಯ ಹಿರಿಯರು. ಟೂರಿಂಗ್ ಟಾಕೀಸಿನ ಡೇರೆಗಳಲ್ಲಿ ಆಪರೇಟರ್ ಆಗಿ ಜೀವಮಾನ ಕಳೆದವರು. ಪುಸ್ತಕದ ಕಡೆ ಅವರು ತಿರುಗಿಯೂ ನೋಡರು. ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂರುವುದು ಅವರ ಪದ್ಧತಿ.

"ಕೇಳಿ ಮಿಸ್ಸೇ," ಎಂದು ಮೊದಲ ದಿನವೇ ನನಗೆ ಪಾಠ ಮಾಡಿದರು. "ಬೀಡಿ ಸೇದಕ್ಕೆ ಎಂಟು ಜನ ಎದ್ರೆ ಪಿಚ್ಚರ್ ಸುಮಾರು. ಇಪ್ಪತ್ತು ಜನ ಎದ್ರೆ ಡಬ್ಬಾ. ಎದ್ದೋನು ಬೀಡಿ ಅಚ್ಚದನ್ನ ಮರ್ತು ಬಾಗ್ಲಲ್ಲೇ ನಿಂತ್ಕಂಡ ಅಂದ್ರೆ, ಅದು ನೂರು ದಿನ!"

ಹೀಗೆ ಒಬ್ಬರು ಪುಸ್ತಕ ನೋಡುತ್ತಿದ್ದರು, ಒಬ್ಬರು ಜನ ನೋಡುತ್ತಿದ್ದರು. ಸಿನಿಮಾ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಸಾಯಲೊಪ್ಪದ ಅತ್ತೆ

ಮೊದಲ ಭಾನುವಾರ ಹುಣಸೂರಿನವರ ಚಿತ್ರ. ಬಳಗದ ಮಹಡಿಯ ಹಾಲಿನಲ್ಲಿ ಮಧ್ಯಾಹ್ನದ ಬೆಳಕು ತಡೆಯಲು ಕಿಟಕಿಗಳಿಗೆ ಹೊಗೆಸೊಪ್ಪಿನ ಬೇಲ್ ಕಟ್ಟುವ ಗೋಣಿತಾಟು ಹೊದಿಸಿದ್ದರು. ಫ್ಯಾನ್ ಹಾಕಿದ ಕೂಡಲೇ ಇಡೀ ಸಭೆ ಒಟ್ಟಿಗೆ ಸೀನಿತು. ಸ್ವಾಗತ ಭಾಷಣ ಮಾಡುತ್ತಿದ್ದವರು ಅದನ್ನು ಚಪ್ಪಾಳೆ ಎಂದುಕೊಂಡು ಇನ್ನೂ ಐದು ನಿಮಿಷ ಮಾತಾಡಿದರು.

ಚಿತ್ರ ಚೆನ್ನಾಗಿಯೇ ಶುರುವಾಯಿತು. ಮೂರನೇ ಅಧ್ಯಾಯ ಬಂತು. ಅತ್ತೆ ಹಾಸಿಗೆ ಹಿಡಿದಳು. ವಿಧವೆ ಸೊಸೆ ನೀರು ಕುಡಿಸಿದಳು. ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟು ಕೈಕಟ್ಟಿಕೊಂಡು ಸಾವಿಗೆ ಕಾದರು. ಅತ್ತೆ ಒಮ್ಮೆ ಕೆಮ್ಮಿ ಎದ್ದು ಕೂತು, "ಈಗ ಒಸಿ ವಾಸಿ ಕಣವ್ವ, ಮುದ್ದೆ ತಿರುವು" ಎಂದಳು.

ಸರ್ರ್.

ನಾಲ್ಕನೇ ಅಧ್ಯಾಯದಲ್ಲಿ ಅವಳ ತಿಥಿ ಇರಬೇಕು. ತಿಥಿ ನಡೆಯಿತು. ಬಡಿಸಿದವಳು ಅವಳೇ. ಸರ್ರ್. ಸರ್ರ್. ಕೊನೆಯಲ್ಲಿ ಪಟೇಲ ಮನೆ ಬಿಡಿಸಲು ಬಂದಾಗಲೂ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆ ಮುದುಕಿಯನ್ನು ನೋಡಿದರೆ ಪಟೇಲನಿರಲಿ, ಪಟಾಲಮ್ಮೇ ಬಂದರೂ ಹಿಂದಕ್ಕೆ ಹೋಗುವಂತಿತ್ತು. ನಲವತ್ತಾರು ಗೆರೆ.

ದೀಪ ಹಾಕಿದ ಮೇಲೆ ಮೇಷ್ಟ್ರು ಟಾರ್ಚನ್ನು ಬಾಯಿಂದ ತೆಗೆದು ಕೂಗಿದರು. "ಅತ್ತೆ ಯಾಕೆ ಸಾಯಲಿಲ್ಲ?"

ತಂಡದ ಹುಡುಗ ತಲೆ ಕೆರೆದುಕೊಂಡ. "ಸಾರ್, ಆಕ್ಟ್ ಮಾಡಿದ್ದು ನಮ್ಮ ದೊಡ್ಡಮ್ಮ. ಮಗಳಿಗೆ ಈಗ್ತಾನೆ ಸಂಬಂಧ ಕುದುರಿದೆ. ಈ ಟೇಮಲ್ಲಿ ಮೂಗಿಗೆ ಹತ್ತಿ ಇಟ್ಕಂಡು ಮಲಗಿದ್ದು ಬೀಗ್ರ ಕಡೆಯೋರ ಮೊಬೈಲಿಗೆ ಹೋದ್ರೆ ಏನ್ ಗತಿ? ಮಗಳ ಮದುವೆ ಆಗೋಗಂಟ ನಾನು ಸಾಯಕ್ಕಿಲ್ಲ ಅಂದ್ಬುಟ್ರು."

"ಮತ್ತೆ ಬೇರೆ ಯಾರನ್ನಾದ್ರೂ ಹಾಕ್ಬೇಕಿತ್ತು!"

ಹಿಂದಿನ ಸಾಲಿನಿಂದ ದೊಡ್ಡಮ್ಮನೇ ಎದ್ದು ನಿಂತರು. "ಮುಂದಿನ ಮಾಘದಲ್ಲಿ ಲಗ್ನ ಅದೆ ಮೇಷ್ಟ್ರೇ. ಅದು ಕಳೀಲಿ. ನೀವು ಯಾವಾಗ ಹೇಳಿದ್ರೆ ಆವಾಗ ಬಂದು ಸಾಯ್ತೀನಿ."

ಮುಳ್ಳಿರುವ ಬದನೆಕಾಯಿ

ಕೆ.ಆರ್. ನಗರದ ತಂಡಕ್ಕೆ ಕಂಬದ ಹಜಾರವಿರುವ ಹಳೇ ಮನೆ ಬೇಕಿತ್ತು. ಸಿಕ್ಕಿತು. ಆದರೆ ಆ ಮನೆಯವರು ಶಿವಪೂಜೆಯ ಮನೆತನ, ಮೊಟ್ಟೆಯೂ ಒಳಗೆ ಬರದ ಮನೆ. "ಎಷ್ಟು ದಿನ ಬೇಕಾದ್ರೂ ಸಿನಿಮಾ ತೆಗೀರಪ್ಪ. ಮೀನು ಮಾತ್ರ ಹೊಸಲು ದಾಟಬಾರದು" ಎಂದರಂತೆ ಮನೆಯ ಅಜ್ಜಿ. ತಂಡದವರು ಪ್ಲಾಸ್ಟಿಕ್ ಮೀನು ತಂದು ತೋರಿಸಿದರು. "ಅದಕ್ಕೂ ಕಣ್ಣಿದೆ, ಬೇಡ" ಎಂದರಂತೆ. ಕೊನೆಗೆ ಅಜ್ಜಿಗೇ ಪಾಪ ಎನ್ನಿಸಿ, ತಾವೇ ಒಂದು ಬಾಣಲೆ ಬದನೆಕಾಯಿ ಎಣ್ಣೆಗಾಯಿ ಮಾಡಿಕೊಟ್ಟರು.

ಇತ್ತ ಮೇಷ್ಟ್ರ ನಿಯಮ, ಮಾತು ಬದಲಿಸುವಂತಿಲ್ಲ. ತಂಡದವರು ಒಂದು ಅಕ್ಷರ ಬದಲಿಸಲಿಲ್ಲ.

ಪರದೆಯ ಮೇಲೆ ಸಂಜೆಯಾಯಿತು. ತಮ್ಮ ಬಲೆ ಹೆಗಲಿಗೆ ಹಾಕಿಕೊಂಡು ಬಂದ. ಅಕ್ಕ ಕೇಳಿದಳು, "ಹೊಳೇಲಿ ಎಷ್ಟೊತ್ತು ಕಾದೆಯೋ ಇದು ಸಿಗೋಕೆ?"

"ಕೈಗೆ ಸಿಕ್ಕಿ ಎರಡು ಸಲ ಜಾರಿ ಹೋಯಿತು ಅಕ್ಕಾ. ಬಲೆಯನ್ನೇ ಹರಿದುಬಿಡ್ತು" ಎಂದ ತಮ್ಮ, ತಟ್ಟೆಗೆ ಎರಡು ಬದನೆಕಾಯಿ ಹಾಕಿಕೊಳ್ಳುತ್ತಾ.

"ಮುಳ್ಳಿದೆ, ಹುಷಾರು. ಮಗೂಗೆ ಬಿಡಿಸಿ ಕೊಡು."

ತಮ್ಮ ಬದನೆಕಾಯಿಯನ್ನು ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ಮುಳ್ಳು ಎಳೆದೆಳೆದು ತಟ್ಟೆಯ ಅಂಚಿಗಿಟ್ಟ. ಮಗು ತಿಂದಿತು. "ತಲೆ ನಂಗೆ" ಎಂದಿತು. ತೊಟ್ಟು ಮುರಿದು ಕೊಟ್ಟರು.

ಮೇಷ್ಟ್ರ ಪೆನ್ಸಿಲ್ ಗಾಳಿಯಲ್ಲಿ ನಿಂತಿತ್ತು. ಪುಸ್ತಕ ನೋಡಿದರು, ಪರದೆ ನೋಡಿದರು, ಪುಟ ಹಿಂದಕ್ಕೆ ತಿರುಗಿಸಿದರು. ಮಾತು ಸರಿಯಾಗಿದೆ, ಊಟವನ್ನೂ ಬಿಟ್ಟಿಲ್ಲ. ಎಲ್ಲಿ ಗೆರೆ ಹಾಕುವುದು? ಆಪರೇಟರು ಜನರ ಕಡೆ ನೋಡಿ, "ಒಬ್ರೂ ಎದ್ದಿಲ್ಲ ಮಿಸ್ಸೇ, ಎಲ್ಲಾ ಒಟ್ಟೆ ಇಡ್ಕಂಡು ಬಗ್ಗವ್ರೆ!" ಎಂದು ಪಿಸುಗುಟ್ಟಿದರು.

ಚಿತ್ರ ಬೇರೆ ಕಡೆ ತಪ್ಪಿ ಹನ್ನೆರಡು ಗೆರೆಗೆ ಔಟಾಯಿತು. ಆದರೆ ಎಣ್ಣೆಗಾಯಿಗೆ ಒಂದೂ ಬೀಳಲಿಲ್ಲ. "ಇದು ಮೋಸ" ಎಂದು ಮೇಷ್ಟ್ರು ತಂಡದ ನಾಯಕನ ಮುಂದೆ ನಿಯಮದ ಹಾಳೆ ಹಿಡಿದರು. ಅವನು ನಿಧಾನವಾಗಿ ಮೇಲಿಂದ ಕೆಳಗಿನವರೆಗೆ ಓದಿ ವಾಪಸು ಕೊಟ್ಟ.

"ಇಲ್ಲ ಸಾರ್. ತರಕಾರಿ ಬಗ್ಗೆ ಏನೂ ಬರೆದಿಲ್ಲ."

ತಿರುಗಿ ನೋಡಿದ್ದು

ಮೂರನೇ ಭಾನುವಾರ ಬಿಳಿಕೆರೆಯವರದು, ಅಂದರೆ ಆಪರೇಟರ ಸ್ವಂತ ಊರಿನ ಕಡೆಯವರದು. "ಪಕ್ಷಪಾತ ಮಾಡಬಾರದು ನೋಡಿ" ಎಂದು ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು. "ನಾನು ಪಿಚ್ಚರ್ ಕಡೆ ನೋಡದೇ ಇಲ್ಲ, ಪಕ್ಷಪಾತ ಎಲ್ಲಿಂದ ಬಂತು?" ಎಂದರು ಆಪರೇಟರು. ನ್ಯಾಯವಾದ ಮಾತೇ.

ಈ ತಂಡಕ್ಕೆ ಎತ್ತು ಸಿಕ್ಕಿರಲಿಲ್ಲ. ಸುತ್ತ ಮೂರು ಹಳ್ಳಿಗೆ ಒಂದೇ ಒಂದು ಜೊತೆ ಒಳ್ಳೆಯ ಎತ್ತಿತ್ತು. ಅದರ ಯಜಮಾನ, "ಕ್ಯಾಮ್ರಾದಲ್ಲಿ ಎಷ್ಟು ಜನ ನೋಡ್ತಾರೋ, ಅಷ್ಟು ಕಣ್ಣು ತಡೀತವಾ ನನ್ನ ಬಸವಣ್ಣ?" ಎಂದು ಕೊಟ್ಟಿಗೆಯ ಬಾಗಿಲನ್ನೇ ತೆಗೆಯಲಿಲ್ಲವಂತೆ. ಅದಕ್ಕೆ ಇವರು ಒಂದು ಟ್ರ್ಯಾಕ್ಟರ್ ತಂದರು. ಅರಿಸಿನ ಹಚ್ಚಿ, ಎರಡೂ ಹೆಡ್‌ಲೈಟಿಗೆ ಕೊರಳಗೆಜ್ಜೆ ಕಟ್ಟಿದರು.

ವಿಧವೆ ಬಾನೆಟ್ಟನ್ನು ತಬ್ಬಿಕೊಂಡು ಪುಸ್ತಕದ ಮಾತನ್ನೇ ಹೇಳಿದಳು. "ಬಸವಾ, ಇನ್ನು ನಿನ್ನ ಮೈ ತೊಳೆಯೋರು ಯಾರಪ್ಪಾ?" ಕೊಂಡವನು ಸ್ಟಾರ್ಟ್ ಮಾಡಿಕೊಂಡು ಹೊರಟ. ಪುಸ್ತಕದಲ್ಲಿ ಈ ಜಾಗದಲ್ಲಿ ಒಂದು ಹೆಸರಾಂತ ಸಾಲಿದೆ. ಎತ್ತು ಊರ ತಿರುವಿನಲ್ಲಿ ನಿಂತು, ಒಮ್ಮೆ ತಿರುಗಿ ನೋಡುತ್ತದೆ.

ಟ್ರ್ಯಾಕ್ಟರ್ ತಿರುವಿನಲ್ಲಿ ನಿಂತಿತು. ಹತ್ತು ಅಡಿ ರಿವರ್ಸ್ ಬಂತು. ಒಂದು ಸಲ ಹಾರನ್ ಹೊಡೆಯಿತು. ಹೋಯಿತು.

ಮೇಷ್ಟ್ರ ಬಾಯಿಂದ ಟಾರ್ಚ್ ಬಿದ್ದು ಉರುಳಿಕೊಂಡು ಹೋಯಿತು. ನಾನು ಹುಡುಕಲು ಬಗ್ಗಿದಾಗ ಪಕ್ಕದಲ್ಲಿ ಬಿಕ್ಕುವ ಸದ್ದು. ಹಾರನ್ ಕೇಳಿ ಪರದೆ ಕಡೆ ತಿರುಗಿದ್ದ ಆಪರೇಟರು ಟವಲಿನಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದರು.

"ಎಂಗೆ ತಿರುಗಿ ನೋಡ್ತು ನೋಡಿ ಮೇಷ್ಟ್ರೇ, ಪಾಪ."

"ಅದು ಟ್ರ್ಯಾಕ್ಟರ್ ಕಣಯ್ಯಾ!"

"ಇರ್ಲಿ ಬುಡಿ. ಉಟ್ಟಿ ಬೆಳ್ದ ಶೆಡ್ಡು ಬುಟ್ಟೋಗದು ಅಂದ್ರೆ ಅದುಕ್ಕೂ ಸಂಕ್ಟ ಇರಾಕಿಲ್ವಾ?"

ಒಳ್ಳೆಯ ಪಟೇಲ

ಪಿರಿಯಾಪಟ್ಟಣದ ತಂಡ ಹಾರನಹಳ್ಳಿ ಕಡೆಯವರದು. ಅವರ ಪಟೇಲ ತೆರೆಯ ಮೇಲೆ ಬಂದ ಕೂಡಲೇ ಮೇಷ್ಟ್ರು ತಲೆದೂಗಿದರು. ಹುರಿಮೀಸೆ, ಬಿಳಿ ಪಂಚೆ, ಒರಗು ಕುರ್ಚಿ. ಹೇಳಿ ಮಾಡಿಸಿದ ಹಾಗಿದ್ದ. ಆತ ನಿಜದಲ್ಲಿ ಒಂದು ಊರಿನ ಪಂಚಾಯಿತಿ ಮೆಂಬರು.

ಕೊನೆಯ ದೃಶ್ಯ ಬಂತು. ಮಳೆಯ ಬದಲು ಒಬ್ಬರು ಪೈಪಿನಲ್ಲಿ ನೀರು ಬಿಡುತ್ತಿದ್ದರು. ವಿಧವೆ ಹೊಸಲಲ್ಲಿ ನಿಂತಳು. ಇಡೀ ಹಾಲು ಆ ಸಾಲಿಗೆ ಕಾದಿತ್ತು.

"ಮನೆ ನಂದು," ಎಂದ ಪಟೇಲ. ಒಂದು ಕ್ಷಣ ನಿಂತ. ಮೀಸೆ ತಿರುವಿದ. "ಆದ್ರೂ ನೀನೇ ಇರವ್ವ. ಸೂರು ಸೋರ್ತಾ ಇದ್ರೆ ಹೇಳು, ಶೀಟ್ ಹಾಕಿಸಿಕೊಡ್ತೀನಿ. ನಲ್ಲೀಲಿ ನೀರು ಬರ್ತಾ ಇದ್ಯಾ? ಚರಂಡಿ ವಿಷ್ಯ ಮೇಲ್ಗಡೆ ಮಾತಾಡಿದ್ದೀನಿ." ಇಷ್ಟು ಹೇಳಿ ಅವಳನ್ನು ಬಿಟ್ಟು ನೇರ ನಮ್ಮ ಕಡೆ ತಿರುಗಿ, ಕೈ ಮುಗಿದ.

ಆ ಸಲ ಮೇಷ್ಟ್ರು ಗೆರೆ ಹಾಕಲಿಲ್ಲ. ಪುಸ್ತಕವನ್ನೇ ಮುಚ್ಚಿಬಿಟ್ಟರು. ಚಿತ್ರ ಮುಗಿದ ಮೇಲೆ ಮೆಂಬರನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದರು.

"ಎರಡು ಸಾಲು ಕಣ್ರೀ! ಎರಡೇ ಎರಡು ಸಾಲು ಕಟುವಾಗಿ ಹೇಳೋಕೆ ನಿಮಗೇನ್ರೀ ಕಷ್ಟ?"

"ಎಲೆಕ್ಷನ್ ಹತ್ರ ಬಂದದೆ ಮೇಷ್ಟ್ರೇ. ಮಳೇಲಿ ಹೆಣ್ಣುಮಗಳನ್ನ ಆಚೆಗಾಕಿದ ಅಂತ ವೀಡಿಯೋ ಓಡಾಡಿದ್ರೆ ನನ್ನ ಕಥೆ ಏನು?"

"ಅದು ನೀವಲ್ಲ, ಪಟೇಲ! ಬರೆದದ್ದನ್ನ ಬರೆದ ಹಾಗೆ ಹೇಳೋದು ಅಷ್ಟೊಂದು ದೊಡ್ಡ ಕೆಲಸವಾ? ಯಾರು ಬೇಕಾದ್ರೂ ಹೇಳ್ತಾರೆ!"

"ಸರಿ ಬುಡಿ, ತಪ್ಪಾಯ್ತು." ಮೆಂಬರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ಅಂದಂಗೆ, ತಮ್ಮ ಓಟು ಯಾವ ಊರಲ್ಲಿ ಅದೆ?"

ಯಾರು ಬರೆದದ್ದು?

ಮೆಂಬರ ಮಾತಿಗೆ ಮೇಷ್ಟ್ರು ನಗಲಿಲ್ಲ. ಹಾಲಿಗೆ ಬೀಗ ಹಾಕಿ, ಎದುರಿನ ಅಂಗಡಿಯಲ್ಲಿ ನಮ್ಮಿಬ್ಬರಿಗೂ ಟೀ ಹೇಳಿದರು.

"ಇನ್ನೊಂದೇ ಚಿತ್ರ ಉಳಿದಿದೆ ಕಣಮ್ಮ. ಕೋಟೆಯವರದು. ಅದಕ್ಕೂ ಹತ್ತು ಗೆರೆ ಬಿದ್ದರೆ ನಾನು ಈ ಸ್ಪರ್ಧೆ ನಿಲ್ಲಿಸಿಬಿಡ್ತೀನಿ. ಸಾಕು."

ಯಾಕೆ ಇಷ್ಟು ಹಠ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಟೀ ಲೋಟವನ್ನೇ ನೋಡುತ್ತಾ ಕೂತೆ. ಸುಮ್ಮನಿರುವವರ ಎದುರು ಜನ ತಾವಾಗಿಯೇ ಮಾತಾಡುತ್ತಾರೆ, ಇದು ನನ್ನ ಅನುಭವ.

ಕಾದಂಬರಿ ಬರೆದವರು ಇವರಿಗೆ ಸ್ಕೂಲಿನಲ್ಲಿ ಪಾಠ ಹೇಳಿದ ಗುರುಗಳಂತೆ. ಬಹಳ ಹಿಂದೆ ಒಂದು ಕಂಪನಿಯವರು ಕಾದಂಬರಿಯನ್ನು ನಿಜವಾದ ಸಿನಿಮಾನೇ ಮಾಡಿದ್ದರು. ಗುರುಶಿಷ್ಯರಿಬ್ಬರೂ ಬಸ್ಸು ಹತ್ತಿ ಮೈಸೂರಿಗೆ ಹೋಗಿ ನೋಡಿದರು. ಅದರಲ್ಲಿ ವಿಧವೆ ಹಿಮದ ಗುಡ್ಡದಲ್ಲಿ ಕುಣಿದಳು. ಪಟೇಲನಿಗೆ ಕುದುರೆ ಇತ್ತು. ಎತ್ತು ಕೊನೆಯಲ್ಲಿ ಪಟೇಲನನ್ನು ಹಾಯ್ದು ಸೇಡು ತೀರಿಸಿಕೊಂಡಿತು. ಇಂಟರ್ವಲ್ಲಿನಲ್ಲಿ ಗುರುಗಳು ಕಡ್ಲೆಕಾಯಿ ಬಿಡಿಸುತ್ತಾ ಕೇಳಿದರಂತೆ, "ಕಥೆ ಪರವಾಗಿಲ್ಲ ಕಣಯ್ಯಾ. ಯಾರು ಬರೆದದ್ದು?"

ಹೇಳಿ ಮೇಷ್ಟ್ರು ತಾವೇ ನಕ್ಕರು. ಆಮೇಲೆ ಟೀ ಲೋಟ ಕೆಳಗಿಟ್ಟರು. "ವಾಪಸ್ ಬರೋವಾಗ ಬಸ್ಸಲ್ಲಿ ಅಂದ್ರು, 'ಒಂದು ಸಲ ಇದ್ದ ಹಾಗೇ ನೋಡಬೇಕಿತ್ತು.' ಅವರಿಗೆ ತೋರಿಸೋಕಾಗಲಿಲ್ಲ. ನಾನಾದ್ರೂ ನೋಡೋಣ ಅಂತ."

ಹತ್ತನೇ ಗೆರೆ

ಐದನೇ ಭಾನುವಾರ ಮೇಷ್ಟ್ರು ಏನೋ ಸರಿಯಿರಲಿಲ್ಲ. ಎಚ್.ಡಿ. ಕೋಟೆಯ ನಾಲ್ಕು ಜನ ಹುಡುಗಿಯರು ಪೆನ್‌ಡ್ರೈವ್ ಕೊಟ್ಟು ಗೋಡೆಗೆ ಒರಗಿ ನಿಂತರು. ಮೇಷ್ಟ್ರು ಅವರ ಕಡೆ ನೋಡಲಿಲ್ಲ. ದೀಪ ಆರಿಸುವ ಹೊತ್ತಿಗೆ ಕಾದಂಬರಿ, ಪೆನ್ಸಿಲ್, ಟಾರ್ಚ್ ಮೂರನ್ನೂ ನನ್ನ ತೊಡೆಯ ಮೇಲಿಟ್ಟರು.

"ಇವತ್ತು ನೀನು ಗೆರೆ ಹಾಕಮ್ಮ. ನನಗೆ ಕಣ್ಣು ಯಾಕೋ ಮಂಜು."

"ಸರ್, ನನ್ನ ಓದು ನಿಧಾನ..."

"ನಿಧಾನಕ್ಕೇ ಹಾಕು."

ಟಾರ್ಚನ್ನು ಬಾಯಿಗಿಡುವ ಧೈರ್ಯ ಬರಲಿಲ್ಲ, ಮೊಬೈಲ್ ಬೆಳಕು ಹಾಕಿಕೊಂಡೆ. ಚಿತ್ರ ಓಡಿತು. ಅದರ ಹಿಂದೆ ನಾನು ಸಾಲು ಸಾಲಾಗಿ ಓಡಿದೆ. ಮೊದಲ ಮೂರು ಗೆರೆ ನಾನು ಪುಟ ತಪ್ಪಿದ್ದಕ್ಕೆ ಬಿದ್ದವು, ರಬ್ಬರಿನಲ್ಲಿ ಅಳಿಸಿದೆ. ಆಮೇಲೆ ಗೊತ್ತಾಯಿತು, ಈ ಹುಡುಗಿಯರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಕೆಲಸ ಮಾಡಿದ್ದಾರೆ. ಮೂರನೇ ಅಧ್ಯಾಯದಲ್ಲಿ ಅತ್ತೆ ಸತ್ತೇ ಹೋದಳು. ಇಡೀ ಹಾಲು ಸಂತೋಷದಿಂದ ನಿಟ್ಟುಸಿರು ಬಿಟ್ಟಿತು. ಕಬಿನಿ ಹಿನ್ನೀರಿನ ನಿಜವಾದ ಮೀನು ಬಂತು. ನಾಲ್ಕು ಕಾಲಿನ ಎತ್ತು ಬಂತು. ತಿರುವಿನಲ್ಲಿ ನಿಂತು ತಿರುಗಿ ನೋಡಿತು. ಆಪರೇಟರು ಮಾತ್ರ, "ಅವತ್ತಿನಷ್ಟು ಅಳು ಬರ್ನಿಲ್ಲ" ಎಂದರು.

ಕರೀ ಹಸುವಿನ ಬದಲು ಸೀಮೆಹಸು, ಒಂದು ಗೆರೆ. ಹೊಳೆಯ ಹಾಡು ಬಿಟ್ಟದ್ದಕ್ಕೆ ಒಂದು. ತಮ್ಮ ಅಲ್ಲಲ್ಲಿ ಮಾತು ಮರೆತದ್ದಕ್ಕೆ ಐದು. ಹೀಗೆ ಚೂರುಪಾರು ಸೇರಿ ಕೊನೆಯ ಅಧ್ಯಾಯಕ್ಕೆ ಬಂದಾಗ ಒಂಬತ್ತು. ಉಳಿದದ್ದು ಪಟೇಲನ ದೃಶ್ಯ ಒಂದೇ. ಅದು ನನಗೆ ಪುಸ್ತಕ ನೋಡದೆಯೂ ಬರುತ್ತಿತ್ತು. ನಮ್ಮಜ್ಜಿಯ ಬೆಕ್ಕಿನ ಪುಣ್ಯ.

ಪರದೆಯ ಮೇಲೆ ಪಟೇಲನ ಬೆನ್ನು ಕಾಣಿಸಿತು. ಪೇಟ, ಶಾಲು. ಮನೆಗಳ ಪಟ್ಟಿಯಿಂದ ವಿಧವೆಯ ಹೆಸರು ಹೊಡೆಯಲು ಅವನು ಪೆನ್ಸಿಲ್ ತೆಗೆದ. ಅದರ ಮೊನೆಯನ್ನು ಒಮ್ಮೆ ನಾಲಿಗೆಗೆ ಮುಟ್ಟಿಸಿಕೊಂಡ.

ನಾನು ನಿಧಾನವಾಗಿ ಪಕ್ಕಕ್ಕೆ ತಿರುಗಿದೆ. ಮೇಷ್ಟ್ರು ಚಾವಣಿ ನೋಡುತ್ತಿದ್ದರು.

ಕ್ಯಾಮೆರಾ ಮುಂದೆ ಬಂತು. ಪೇಟದ ಕೆಳಗೆ ನಮ್ಮ ಮೇಷ್ಟ್ರೇ! ಹಾಲಿನಲ್ಲಿ ಯಾರೋ ಸೀಟಿ ಹೊಡೆದರು. ವಿಧವೆಯಾಗಿದ್ದ ಹುಡುಗಿ ಹೊಸಲಲ್ಲಿ ನಿಂತು ಅಳುತ್ತಿದ್ದಳು. ಹಿಂದೆ ನಿಜವಾದ ಮಳೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಗುಡುಗಿದರು.

"ಮನೆ ನನ್ನದು, ಅಳು ನಿನ್ನದು."

ಸರಿ. ಅಕ್ಷರಕ್ಷರವೂ ಸರಿ. ಬಾಗಿಲ ಬಳಿ ಬೀಡಿ ಹಿಡಿದವನೊಬ್ಬ ಹಾಗೇ ನಿಂತುಬಿಟ್ಟಿದ್ದ.

ಮೇಷ್ಟ್ರು ಮುಂದಿನ ಸಾಲಿಗೆ ಬಾಯಿ ತೆರೆದರು. ಹುಡುಗಿ ಬಿಕ್ಕಿದಳು. ಮೇಷ್ಟ್ರು ಬಾಯಿ ಮುಚ್ಚಿದರು. ಮತ್ತೆ ತೆರೆದರು.

"ನಿನ್ನದನ್ನ... ಛೆ, ಅಲ್ಯಾಕೆ ನೆನೀತಾ ನಿಂತಿದ್ದೀಯ ತಾಯಿ? ನೆಗಡಿ ಆಗುತ್ತೆ. ಒಳಗೆ ಬಾ."

ವಿಧವೆ ಒಳಗೆ ಬಂದಳು. ಕಥೆ ಮುಗಿಯಿತು. ಹಾಲಿಗೆ ಹಾಲೇ ಎದ್ದು ಚಪ್ಪಾಳೆ ತಟ್ಟಿತು. ಆಪರೇಟರು ಬಾಗಿಲ ಕಡೆ ಕೈ ತೋರಿಸಿ, "ಬೀಡಿ ಅಚ್ಚಿಲ್ಲ! ನೂರು ದಿನ ಮಿಸ್ಸೇ, ನೂರು ದಿನ!" ಎಂದು ಕೂಗುತ್ತಿದ್ದರು.

ದೀಪ ಹತ್ತಿತು. ನಾನು ಗೋಡೆ ಬಳಿ ಇದ್ದ ಹುಡುಗಿಯರ ಹತ್ತಿರ ಹೋದೆ. ಅವರಲ್ಲೊಬ್ಬಳು ನಾನು ಕೇಳುವ ಮುಂಚೆಯೇ ಅಳುಮೋರೆಯಲ್ಲಿ ಶುರುಮಾಡಿದಳು.

"ಪಟೇಲನ ಪಾರ್ಟ್ ಮಾಡ್ಬೇಕಿದ್ದ ನಮ್ಮ ಮಾವ ಮೊನ್ನೆ ಹೊಲಕ್ಕೆ ಆನೆ ಬಂದವೆ ಅಂತ ಹೊಂಟೋದ್ರು ಮಿಸ್. ಆ ಸೀನು ಬಿಡಬೌದಾ ಅಂತ ಮೇಷ್ಟ್ರಿಗೆ ಫೋನ್ ಮಾಡಿದ್ವಿ. 'ಅದನ್ನ ಬಿಟ್ರೆ ಕಥೆ ಎಲ್ಲಿ ಉಳೀತು, ತಡೀರಿ, ನಾನೇ ಬತ್ತೀನಿ' ಅಂತ ಬಸ್ ಹತ್ತಿ ಬಂದ್ರು. ತೀರ್ಪುಗಾರರು ಆಕ್ಟ್ ಮಾಡಬಾರ್ದು ಅಂತ ರೂಲ್ಸಲ್ಲಿ ಇಲ್ವಂತೆ."

"ಮತ್ತೆ ಆ ಸಾಲು? ಇನ್ನೊಂದು ಸಲ ತೆಗೀಬೇಕಿತ್ತು."

"ಹದಿನೇಳು ಸಲ ತೆಗೆದ್ವಿ ಮಿಸ್! ಹದಿನೇಳು ಸಲಾನೂ ಒಳಕ್ಕೆ ಕರೆದ್ಬುಟ್ರು. ನೀವು ನೋಡಿದ್ದೇ ವಾಸಿ. ಮಿಕ್ಕಿದ್ರಲ್ಲಿ ಟವಲ್ ಕೊಟ್ಟು, ಕಾಫಿನೂ ಕಾಯ್ಸಕ್ಕೆ ಹೇಳವ್ರೆ."

ನನ್ನ ಜಾಗಕ್ಕೆ ವಾಪಸು ಬಂದೆ. ಪುಸ್ತಕ ಕೊನೆಯ ಪುಟಕ್ಕೆ ತೆರೆದುಕೊಂಡೇ ಇತ್ತು. ಅಂಚು ಖಾಲಿ. ಗೋಡೆ ಬಳಿ ನಾಲ್ಕು ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಆಪರೇಟರು ಎಲ್ಲರಿಗೂ ಕೇಳುವಂತೆ ಕೂಗಿದರು, "ಎಷ್ಟು ಗೆರೆ ಅಂತ ಏಳ್ಬುಡಿ ಮಿಸ್ಸೇ!" ಇಡೀ ಹಾಲು ನನ್ನ ಕಡೆ ತಿರುಗಿತು. ಪೆನ್ಸಿಲ್ ಅಂಚಿನ ಮೇಲೆ ನಿಂತಿತ್ತು.

ಮೇಷ್ಟ್ರು ನನ್ನ ಕಡೆ ಬಾಗಿದರು. ನಲವತ್ತು ವರ್ಷ ಮಕ್ಕಳ ತಪ್ಪಿಗೆ ಗೆರೆ ಹಾಕಿದ ಮುಖ ಅದು, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ಆಗಿತ್ತು.

"ಆ ಮಗು ನಿಜವಾಗಿ ಅಳ್ತಿತ್ತು ಕಣಮ್ಮ," ಎಂದರು ಪಿಸುಮಾತಿನಲ್ಲಿ. "ನಮ್ಮ ಗುರುಗಳು ಅಲ್ಲಿ ನಿಂತಿದ್ರೆ ಅವರೂ ಒಳಗೇ ಕರೀತಿದ್ರು ಅನ್ಸುತ್ತೆ. ಅದೊಂದು ಗೆರೆ... ಬಿಟ್ಟುಬಿಡ್ತೀಯಾ?"